ನೀರು ತಿಳಿಯಾಗುವ ಮುನ್ನ ಒಂದಿಷ್ಟು ಓಝೋನ್



ಅಂಗಡಿಯಲ್ಲಿ ಕೊಂಡ ನೀರಿನ ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದವರಿಗೆ ಓಝೋನ್ ಎಂಬ ಹೆಸರು ಹೊಸದಲ್ಲ. ಓಝೋನ್ ಎಂದರೆ ನೀರಿನಲ್ಲಿರುವ ರೋಗಾಣುಗಳನ್ನು ಕೊಲ್ಲುವ ಅನಿಲ ಎಂಬ ತಿಳಿವಳಿಕೆ ಹೀಗೇ ಮನೆಮನೆಗೂ ಬಂದಿದೆ, ಅದು ಸರಿಯೂ ಹೌದು. ನಾನು ಇವತ್ತು ಹೇಳಹೊರಟಿರುವುದು ಅದೇ ಓಝೋನ್ ಮಾಡುವ ಇನ್ನೊಂದು ಕೆಲಸದ ಬಗ್ಗೆ. ಹೊಳೆಯಿಂದಲೋ ಕೆರೆಯಿಂದಲೋ ಬಂದ ಕಲಕು ನೀರಿಗೆ ಶುದ್ಧೀಕರಣ ಘಟಕದಲ್ಲಿ ಆಲಂ ಬೀಳುವ ಮೊದಲೇ ಸ್ವಲ್ಪ ಓಝೋನ್ ಹಾಯಿಸಿದರೆ, ಆ ನೀರಿನಲ್ಲಿರುವ ಕಣಗಳು ಒಂದಕ್ಕೊಂದು ಅಂಟಿಕೊಂಡು ಗರಣೆ ಕಟ್ಟುವ ರೀತಿಯೇ ಬದಲಾಗುತ್ತದೆ. ಕೆಲವು ನೀರಿಗೆ ಇದರಿಂದ ದೊಡ್ಡ ಉಪಕಾರ, ಕೆಲವು ನೀರಿಗೆ ಅಪಕಾರ. ಯಾವ ನೀರಿಗೆ ಯಾವುದು ಎಂದು ಮೊದಲೇ ನೋಡಿಕೊಳ್ಳದೆ ಯಂತ್ರ ತಂದು ಕೂರಿಸುವುದು ಊರಿನ ಹಣಕ್ಕೂ ಊರಿನ ಆರೋಗ್ಯಕ್ಕೂ ಒಳ್ಳೆಯದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಕಲಕು ನೀರಿನ ಮಾತು. ಮುಂಗಾರು ಹಿಡಿದ ಕೆಲವೇ ದಿನಗಳಲ್ಲಿ ನಮ್ಮ ಹೊಳೆಗಳು ಕೆಂಪಗಾಗುತ್ತವೆ. ಆ ನೀರನ್ನು ಒಂದು ಕೊಡದಲ್ಲಿ ಮೊಗೆದಿಟ್ಟರೆ ಮರಳು ಆಗಿಂದಾಗಲೇ ತಳ ಸೇರುತ್ತದೆ, ಹೂಳು ನಿಧಾನವಾಗಿ ಕೂರುತ್ತದೆ. ಆದರೂ ಮಾರನೆಯ ಬೆಳಿಗ್ಗೆ ನೋಡಿದರೆ ನೀರು ಮಬ್ಬಾಗಿಯೇ ಇರುತ್ತದೆ. ಹಾಗೆ ಉಳಿದಿರುವುದು ಜೇಡಿಮಣ್ಣಿನ ಅತಿ ಸಣ್ಣ ಕಣಗಳು. ಕಣದ ಗಾತ್ರ ಹತ್ತು ಪಟ್ಟು ಕಡಿಮೆಯಾದರೆ ಅದು ಕೂರುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ ಎನ್ನುತ್ತದೆ ಸ್ಟೋಕ್ಸ್ ಸೂತ್ರ. ಆ ಸೂತ್ರ ಹಿಡಿದು ಲೆಕ್ಕ ಹಾಕಿದರೆ, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟಿರುವ ಜೇಡಿ ಕಣ ಅಲ್ಲಾಡದ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು 12-13 ದಿನ ಬೇಕು. ಅದರ ಹತ್ತನೇ ಒಂದು ಪಾಲಿನ ಕಣಕ್ಕೆ ಮೂರು ವರ್ಷವೂ ಸಾಲದು. ನಿಜವಾಗಿ ನೋಡಿದರೆ, ಅಷ್ಟು ಸಣ್ಣ ಕಣವನ್ನು ನೀರಿನ ಅಣುಗಳ ಎಡೆಬಿಡದ ತಾಕಲಾಟವೇ ಕೆಳಗಿಳಿಯಗೊಡುವುದಿಲ್ಲ. ಯಾವ ಊರೂ ಕುಡಿಯುವ ನೀರಿಗಾಗಿ ಅಷ್ಟು ಕಾಲ ಕಾಯಲಾರದು. ಆದ್ದರಿಂದ ಸಣ್ಣ ಕಣಗಳನ್ನು ಕೂಡಿಸಿ ದೊಡ್ಡದು ಮಾಡಬೇಕು.

ಕೂಡಿಸುವುದಕ್ಕೆ ಇರುವ ಅಡ್ಡಿ ವಿದ್ಯುತ್ತಿನದು. ನೀರಿನಲ್ಲಿರುವ ಜೇಡಿ ಕಣ, ಪಾಚಿಯ ಕೋಶ, ಬ್ಯಾಕ್ಟೀರಿಯಾ ಹೀಗೆ ಹೆಚ್ಚುಕಡಿಮೆ ಎಲ್ಲದರ ಮೈಮೇಲೂ ಋಣ ವಿದ್ಯುದಂಶ ಇರುತ್ತದೆ. ಋಣಕ್ಕೆ ಋಣ ಹತ್ತಿರ ಬಂದರೆ ಎರಡೂ ದೂರ ತಳ್ಳಿಕೊಳ್ಳುತ್ತವೆ. ಆಲಂ, ಅಂದರೆ ಮನೆಗಳಲ್ಲಿ ನಾವು ಪಟಿಕ ಎನ್ನುತ್ತೇವಲ್ಲ ಅದರ ಬಳಗದ ಅಲ್ಯೂಮಿನಿಯಂ ಸಲ್ಫೇಟ್, ಈ ತಳ್ಳಾಟವನ್ನು ನಿಲ್ಲಿಸುತ್ತದೆ. ಅದು ನೀರಿನಲ್ಲಿ ಕರಗಿದಾಗ ಹುಟ್ಟುವ ಅಲ್ಯೂಮಿನಿಯಮ್ಮಿನ ಧನ ರೂಪಗಳು ಕಣಗಳ ಮೈಗಂಟಿ ಋಣವನ್ನು ತೀರಿಸುತ್ತವೆ. ಇನ್ನೂ ಹೆಚ್ಚು ಹಾಕಿದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಬಿಳಿ ಅರಳು ನೀರಿನಲ್ಲೆಲ್ಲ ಮೂಡಿ, ಇಳಿಯುವ ದಾರಿಯಲ್ಲಿ ಸಿಕ್ಕ ಕಣಗಳನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಹಾಲಿಗೆ ನಿಂಬೆಹುಳಿ ಹಿಂಡಿದಾಗ ಅದು ಒಡೆದು ಗಿಣ್ಣಿನಂತೆ ಕೂಡಿಕೊಳ್ಳುವುದನ್ನು ನೋಡಿದ್ದೀರಲ್ಲ, ಅಲ್ಲಿಯೂ ನಡೆಯುವುದು ಇದೇ: ಪರಸ್ಪರ ದೂರ ನಿಂತಿದ್ದ ಕಣಗಳ ವಿದ್ಯುದಂಶ ತೀರಿ ಅವು ಒಟ್ಟಾಗುತ್ತವೆ. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಕೊಡದ ಒಳಮೈಗೆ ತೇಯ್ದು ನೀರನ್ನು ತಿಳಿ ಮಾಡಿಕೊಳ್ಳುತ್ತಿದ್ದರು. ನುಗ್ಗೆಬೀಜದ ಪುಡಿಗೂ ಆ ಗುಣ ಇದೆ.

ದೊಡ್ಡ ಪ್ರಮಾಣದಲ್ಲಿ ಈ ವಿದ್ಯೆಯನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಜಾರ್ಜ್ ಫುಲ್ಲರ್. ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ 1895ರಿಂದ 1897ರವರೆಗೆ ಒಹಾಯೊ ನದಿಯ ಬಗ್ಗಡದ ನೀರಿನ ಮೇಲೆ ಅವರು ನಡೆಸಿದ ಪ್ರಯೋಗಗಳಿಂದ ಒಂದು ಮಾತು ಖಚಿತವಾಯಿತು. ನೀರನ್ನು ವೇಗವಾಗಿ ಹಾಯಿಸುವ ಮರಳು ಸೋಸುಕಗಳು ಕೆಲಸ ಮಾಡಬೇಕಾದರೆ ಅದಕ್ಕೆ ಮೊದಲು ಆಲಂ ಹಾಕಿ ಗರಣೆ ಕಟ್ಟಿಸಲೇಬೇಕು. ಆ ಪ್ರಯೋಗದಲ್ಲಿ ಪರೀಕ್ಷೆಗೆ ನಿಂತ ಸೋಸುಕಗಳಲ್ಲಿ ಒಂದು ಷಿಕಾಗೋದ ಜ್ಯುವೆಲ್ ಕಂಪನಿಯದು. ಬೆಂಗಳೂರಿನ ಮಲ್ಲೇಶ್ವರದ ಕಡೆಯವರಿಗೆ ಜ್ಯುವೆಲ್ ಫಿಲ್ಟರ್ ಎಂಬ ಹೆಸರು ಕಿವಿಗೆ ಬಿದ್ದಿರುತ್ತದೆ. ಅಲ್ಲಿಯ ಜಲಮಂಡಳಿಯ ಹಳೆಯ ಘಟಕಕ್ಕೆ ಇವತ್ತಿಗೂ ಅದೇ ಹೆಸರು.

ಎಷ್ಟು ಆಲಂ ಹಾಕಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಅದಕ್ಕೆ ಜಾರ್ ಟೆಸ್ಟ್ ಇದೆ. ಒಂದು ಸಾಲಿನಲ್ಲಿ ಆರು ಗಾಜಿನ ಬೀಕರು, ಒಂದೊಂದರಲ್ಲೂ ಒಂದು ಲೀಟರ್ ಹೊಳೆ ನೀರು. ಪ್ರತಿ ಬೀಕರಿನೊಳಗೂ ಒಂದು ಹುಟ್ಟು, ಆರೂ ಹುಟ್ಟುಗಳು ಒಂದೇ ಮೋಟರಿನಿಂದ ತಿರುಗುತ್ತವೆ. ಮೊದಲನೆಯದಕ್ಕೆ 10 ಮಿಲಿಗ್ರಾಂ ಆಲಂ, ಎರಡನೆಯದಕ್ಕೆ 20, ಮೂರನೆಯದಕ್ಕೆ 30, ಹೀಗೆ ಏರುತ್ತಾ ಹೋಗುವುದು. ಒಂದು ನಿಮಿಷ ಜೋರಾಗಿ ಕಲಕಬೇಕು, ಆಮೇಲೆ ಕಾಲು ಗಂಟೆಯಷ್ಟು ಹೊತ್ತು ಬಹಳ ಮೆಲ್ಲಗೆ. ಬೀಕರಿನ ಹಿಂದೆ ದೀಪ ಹಚ್ಚಿಟ್ಟು ನೋಡುತ್ತಾ ಕುಳಿತರೆ ಮೊದಲ ಕೆಲವು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಯಾವುದೋ ಒಂದು ಬೀಕರಿನಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಹೊಳೆಯುತ್ತವೆ. ಅವು ಒಂದಕ್ಕೊಂದು ತಾಕಿ, ಅಂಟಿ, ರವೆಯ ಕಾಳಿನಷ್ಟಾಗುತ್ತವೆ. ಘಟಕದ ಕೆಲಸಗಾರರು ಇದಕ್ಕೆ ಫ್ಲಾಕ್ ಬಂತು ಎನ್ನುತ್ತಾರೆ. ಹುಟ್ಟು ನಿಲ್ಲಿಸಿ ಅರ್ಧ ಗಂಟೆ ಬಿಟ್ಟರೆ ಗರಣೆ ತಳ ಸೇರಿ ಮೇಲೆ ತಿಳಿನೀರು ನಿಲ್ಲುತ್ತದೆ. ಅತಿ ಕಡಿಮೆ ಆಲಮ್ಮಿನಲ್ಲಿ ಅತಿ ತಿಳಿಯಾದ ಬೀಕರು ಯಾವುದೋ ಆವತ್ತಿನ ಪ್ರಮಾಣ ಅದು. ಮಳೆ ಹೊಡೆದ ಮಾರನೆಯ ದಿನ ಆ ಪ್ರಮಾಣ ಮತ್ತೆ ಬದಲಾಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸತ್ಯ ಹೇಳುವ ಪರೀಕ್ಷೆ ನೀರಿನ ವಿಜ್ಞಾನದಲ್ಲಿ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಈಗ ನಮ್ಮ ವಿಷಯಕ್ಕೆ ಬರೋಣ. ಜೇಡಿಯ ಕಲಕು ನೀರಿಗಿಂತ ಕಷ್ಟದ್ದು ಬಣ್ಣದ ನೀರು. ಕಾಡಿನ ತರಗೆಲೆ, ಕೊಳೆತ ಬೇರು, ಜೌಗು ಮಣ್ಣು ಇವುಗಳಿಂದ ಇಳಿದು ಬರುವ ಹ್ಯೂಮಿಕ್ ಪದಾರ್ಥಗಳು ನೀರಿಗೆ ಚಹಾದ ತಿಳಿಬಣ್ಣ ಕೊಡುತ್ತವೆ. ಇವು ನೀರಿನಲ್ಲಿ ಕರಗಿರುವುದಷ್ಟೇ ಅಲ್ಲ, ಜೇಡಿ ಕಣಗಳ ಮೈಗೆ ಪೊರೆಯಾಗಿ ಹತ್ತಿಕೊಂಡಿರುತ್ತವೆ. ಆ ಪೊರೆಯಿಂದ ಕಣದ ಋಣ ಹೆಚ್ಚುತ್ತದೆ. ಜೊತೆಗೆ ಪೊರೆಯ ಉದ್ದ ಅಣುಗಳು ಹೊರಗೆ ಚಾಚಿಕೊಂಡು ಇನ್ನೊಂದು ಕಣವನ್ನು ಹತ್ತಿರ ಬರಗೊಡುವುದಿಲ್ಲ. ಹಾಕಿದ ಆಲಂ ಕಣಗಳನ್ನು ಮುಟ್ಟುವ ಮೊದಲೇ ಬಹುಪಾಲು ಈ ಸಾವಯವ ಪದಾರ್ಥಕ್ಕೆ ಖರ್ಚಾಗಿ ಹೋಗುತ್ತದೆ. ಎಷ್ಟೋ ನೀರುಗಳಲ್ಲಿ ಆಲಮ್ಮಿನ ಪ್ರಮಾಣವನ್ನು ತೀರ್ಮಾನಿಸುವುದು ಕಣ್ಣಿಗೆ ಕಾಣುವ ಕಲಕು ಅಲ್ಲ, ಕಾಣದೆ ಕರಗಿರುವ ಈ ಇಂಗಾಲ.

ಓಝೋನ್ ಕೈಹಾಕುವುದು ಇಲ್ಲಿಗೇ. ಅದು ಮೂರು ಆಮ್ಲಜನಕ ಪರಮಾಣುಗಳ ಅಣು. ಬಾಸೆಲ್ ನಗರದ ರಸಾಯನ ವಿಜ್ಞಾನಿ ಶೋನ್‌ಬೈನ್ ಅದನ್ನು ಗುರುತಿಸಿದ್ದು 1839-40ರ ಸುಮಾರಿಗೆ. ಫ್ರಾನ್ಸಿನ ನೀಸ್ ಪಟ್ಟಣ ಕುಡಿಯುವ ನೀರಿಗೆ ಅದನ್ನು ದಿನನಿತ್ಯ ಬಳಸಲು ತೊಡಗಿದ್ದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ. ಒಣಗಿಸಿದ ಗಾಳಿಯನ್ನೋ ಶುದ್ಧ ಆಮ್ಲಜನಕವನ್ನೋ ಹೆಚ್ಚಿನ ವೋಲ್ಟೇಜಿನ ಎರಡು ತಗಡುಗಳ ನಡುವೆ ಹಾಯಿಸಿದರೆ ಓಝೋನ್ ಹುಟ್ಟುತ್ತದೆ. ಅದನ್ನು ಆಳವಾದ ತೊಟ್ಟಿಯ ತಳದಿಂದ ಸಣ್ಣ ಗುಳ್ಳೆಗಳಾಗಿ ಬಿಡುತ್ತಾರೆ. ಕೂಡಿಟ್ಟುಕೊಳ್ಳಲು ಬರುವುದಿಲ್ಲ, ಬೇಕಾದಾಗ ಅಲ್ಲೇ ತಯಾರಿಸಿಕೊಳ್ಳಬೇಕು.

ಚಹಾ ಬಣ್ಣದ ನೀರಿಗೆ ಓಝೋನ್ ಬಿಟ್ಟಾಗ ನೋಡಬೇಕು. ಕೆಲವೇ ನಿಮಿಷಗಳಲ್ಲಿ ಬಣ್ಣ ತೆಳುವಾಗುತ್ತದೆ. ಬಣ್ಣಕ್ಕೆ ಕಾರಣವಾದ ಜೋಡಿಬಂಧಗಳನ್ನೂ ಉಂಗುರ ರಚನೆಗಳನ್ನೂ ಓಝೋನ್ ಹುಡುಕಿ ಕತ್ತರಿಸುತ್ತದೆ. ಆದರೆ ಪ್ರಯೋಗಾಲಯಕ್ಕೆ ಒಯ್ದು ಒಟ್ಟು ಇಂಗಾಲ ಅಳೆದರೆ ಅದು ಹೆಚ್ಚೇನೂ ಕಡಿಮೆಯಾಗಿರುವುದಿಲ್ಲ. ಪದಾರ್ಥ ಅಲ್ಲೇ ಇದೆ, ರೂಪ ಬದಲಾಗಿದೆ. ದೊಡ್ಡ ಅಣುಗಳು ತುಂಡಾಗಿ, ತುಂಡುಗಳ ತುದಿಯಲ್ಲಿ ಕಾರ್ಬಾಕ್ಸಿಲ್ ಎಂಬ ಆಮ್ಲ ಗುಂಪುಗಳು ಮೂಡಿರುತ್ತವೆ. ಗರಣೆ ಕಟ್ಟುವ ಮಟ್ಟಿಗೆ ಮುಂದಿನದೆಲ್ಲ ಈ ಆಮ್ಲ ಗುಂಪುಗಳು ಯಾರ ಕೈ ಹಿಡಿಯುತ್ತವೆ ಎಂಬುದರ ಮೇಲೆ ನಿಂತಿದೆ.

ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಅವು ಕ್ಯಾಲ್ಸಿಯಮ್ಮಿನ ಕೈ ಹಿಡಿಯುತ್ತವೆ. ಕ್ಯಾಲ್ಸಿಯಂ ಧನ ವಿದ್ಯುದಂಶದ್ದು, ಆದ್ದರಿಂದ ಪೊರೆಯ ಋಣ ತಗ್ಗುತ್ತದೆ. ಪೊರೆ ಮುದುಡಿಕೊಳ್ಳುತ್ತದೆ, ಕೆಲವು ಭಾಗ ಕಣದ ಮೈಯಿಂದ ಕಳಚಿಯೂ ಹೋಗುತ್ತದೆ. ಆಗ ಕಣಗಳು ಹತ್ತಿರ ಬರುತ್ತವೆ, ಸ್ವಲ್ಪವೇ ಆಲಂ ಸಿಕ್ಕರೂ ಒಟ್ಟಾಗುತ್ತವೆ. ಕೆಲವು ನೀರುಗಳಲ್ಲಿ ಓಝೋನ್ ಹಾಯಿಸಿದ ಮಾತ್ರಕ್ಕೇ, ಇನ್ನೂ ಯಾವ ರಾಸಾಯನಿಕವನ್ನೂ ಹಾಕುವ ಮೊದಲೇ, ಸೂಕ್ಷ್ಮ ಗರಣೆ ಮೂಡುವುದುಂಟು. ಮೀನು ಸಾಕಣೆಯಲ್ಲಿ ಒಂದೇ ನೀರನ್ನು ತಿರುಗಿ ತಿರುಗಿ ಬಳಸುವ ತೊಟ್ಟಿಗಳಿಗೆ ಓಝೋನ್ ಕೊಡುವುದಕ್ಕೆ ಇದೂ ಒಂದು ಕಾರಣ.

ಇದರ ಜೊತೆಗೆ ಬೇರೆ ದಾರಿಗಳೂ ಇವೆ ಎಂದು ಸಂಶೋಧಕರು ವಾದಿಸುತ್ತಾರೆ. ಸಾವಯವ ಪದಾರ್ಥ ಹಿಡಿದಿಟ್ಟುಕೊಂಡಿದ್ದ ಕಬ್ಬಿಣವನ್ನು ಓಝೋನ್ ಬಿಡಿಸುತ್ತದೆ, ಆ ಕಬ್ಬಿಣವೇ ಗರಣೆಕಾರಿಯಾಗುತ್ತದೆ ಎಂಬುದು ಒಂದು ವಾದ. ಸಣ್ಣ ಅಣುಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ ಎಂಬುದು ಇನ್ನೊಂದು. ಪಾಚಿಯ ಕೋಶದಿಂದ ಹೊರಬಂದ ಜಿಗುಟು ಪದಾರ್ಥ ಅಂಟಿನ ಕೆಲಸ ಮಾಡುತ್ತದೆ ಎಂಬುದು ಮತ್ತೊಂದು. ಎಲ್ಲ ನೀರಿಗೂ ಒಂದೇ ವಿವರಣೆ ಹೊಂದುವುದಿಲ್ಲ ಎಂಬುದರಲ್ಲಿ ಮಾತ್ರ ಹೆಚ್ಚು ಭಿನ್ನಾಭಿಪ್ರಾಯವಿಲ್ಲ.

ಆದರೆ ಕ್ಯಾಲ್ಸಿಯಮ್ಮಿನ ಪಾತ್ರಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಫಿಲಿಪ್ ಸಿಂಗರ್ ಮತ್ತು ಅವರ ಸಹೋದ್ಯೋಗಿ ಚಾಂಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಪಯೋಗಕ್ಕೆ ಬರುವ ಒಂದು ಅಳತೆಗೋಲು ಸಿಗುತ್ತದೆ. ಮುಖ್ಯವಾಗಿ ಕ್ಯಾಲ್ಸಿಯಮ್ಮಿನಿಂದ ಬರುವ ನೀರಿನ ಗಡಸುತನವನ್ನು ಅದರ ಸಾವಯವ ಇಂಗಾಲದಿಂದ ಭಾಗಿಸಿ. ಉತ್ತರ 25ಕ್ಕಿಂತ ಹೆಚ್ಚಿದ್ದರೆ ಓಝೋನ್ ಗರಣೆಗೆ ನೆರವಾಗುವ ಸಂಭವ ಹೆಚ್ಚು. ಲೀಟರಿಗೆ 100 ಮಿಲಿಗ್ರಾಂ ಗಡಸುತನ, 4 ಮಿಲಿಗ್ರಾಂ ಇಂಗಾಲ ಇರುವ ನೀರು ಆ ಗೆರೆಯ ಮೇಲೇ ನಿಲ್ಲುತ್ತದೆ. ಓಝೋನಿನ ಪ್ರಮಾಣಕ್ಕೂ ಅವರು ಮಿತಿ ಕಂಡುಕೊಂಡರು: ಒಂದು ಮಿಲಿಗ್ರಾಂ ಇಂಗಾಲಕ್ಕೆ ಸುಮಾರು 0.4ರಿಂದ 0.8 ಮಿಲಿಗ್ರಾಂ ಓಝೋನ್. ಅಂದರೆ ರೋಗಾಣು ಕೊಲ್ಲಲು ಬೇಕಾಗುವುದಕ್ಕಿಂತ ಎಷ್ಟೋ ಸಲ ಕಡಿಮೆ.

ಈ ಅಳತೆಗೋಲಿಗೆ ಒಂದು ಉದಾಹರಣೆ ಜರ್ಮನಿಯ ಬೋಡೆನ್‌ಸೇ ಸರೋವರ. ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಕಾನ್‌ಸ್ಟನ್ಸ್ ಸರೋವರ. ಅದರ ದಡದ ಜಿಪ್ಲಿಂಗೆನ್ ಎಂಬಲ್ಲಿ 60 ಮೀಟರ್ ಆಳದಿಂದ ನೀರೆತ್ತಿ ಸ್ಟುಟ್‌ಗಾರ್ಟ್ ಸೇರಿದಂತೆ ಸುಮಾರು 40 ಲಕ್ಷ ಜನರಿಗೆ ಕೊಡುತ್ತಾರೆ. ಅಲ್ಲಿಯ ಕ್ರಮ ನೋಡಿ: ಮೊದಲು ಸೂಕ್ಷ್ಮ ಜರಡಿ, ಆಮೇಲೆ ಓಝೋನ್, ಕೊನೆಗೆ ಮರಳಿನ ಸೋಸುಕ. ದೊಡ್ಡ ದೊಡ್ಡ ಕೂರುತೊಟ್ಟಿಗಳಿಲ್ಲ. ಆ ನೀರಿನ ಗಡಸುತನ ಲೀಟರಿಗೆ ಸುಮಾರು 160 ಮಿಲಿಗ್ರಾಂ, ಸಾವಯವ ಇಂಗಾಲ ಒಂದೂ ಚಿಲ್ಲರೆ ಮಿಲಿಗ್ರಾಂ. ಭಾಗಿಸಿದರೆ ನೂರಕ್ಕೂ ಮೇಲೆ. ಓಝೋನಿಗೆ ಇದಕ್ಕಿಂತ ಅನುಕೂಲವಾದ ನೀರು ಬೇಕಿಲ್ಲ.

ಆದರೆ ಈ ವಿದ್ಯೆಯನ್ನು ದೊಡ್ಡ ಪಂದ್ಯಕ್ಕೆ ಇಟ್ಟವರು ಲಾಸ್ ಏಂಜಲೀಸಿನವರು. ಆ ನಗರಕ್ಕೆ ಸಿಯೆರಾ ನೆವಾಡಾ ಬೆಟ್ಟಗಳ ಹಿಮ ಕರಗಿದ ನೀರು ಓವೆನ್ಸ್ ಕಣಿವೆಯಿಂದ ಬರುತ್ತದೆ. ಮುನ್ನೂರೈವತ್ತು ಕಿಲೋಮೀಟರಿಗೂ ಉದ್ದದ ಕಾಲುವೆ, 1913ರಲ್ಲಿ ತೆರೆದದ್ದು, ಮುಲ್‌ಹಾಲೆಂಡ್ ಎಂಬ ಇಂಜಿನಿಯರ್ ಕಟ್ಟಿಸಿದ್ದು. ಇಡೀ ದಾರಿ ನೀರು ತನ್ನ ಭಾರಕ್ಕೆ ತಾನೇ ಹರಿದು ಬರುತ್ತದೆ, ಪಂಪು ಬೇಕಿಲ್ಲ. ನೀರಿನ ಕಲಕಿನ ಬಗ್ಗೆ ಸರ್ಕಾರದ ನಿಯಮಗಳು ಬಿಗಿಯಾದಾಗ ನಗರಕ್ಕೆ ಸೋಸುವ ಘಟಕ ಅನಿವಾರ್ಯವಾಯಿತು. ಸಣ್ಣ ಮಾದರಿ ಘಟಕ ಕಟ್ಟಿ, ಓಝೋನ್ ಇದ್ದೂ ಇಲ್ಲದೆಯೂ ನೀರು ಸೋಸಿ ಹೋಲಿಸಿ ನೋಡಿದರು. ಓಝೋನ್ ಮೊದಲು ಕೊಟ್ಟಾಗ ಗರಣೆಕಾರಿ ರಾಸಾಯನಿಕ ಕಡಿಮೆ ಸಾಕಾಯಿತು, ಮೆಲ್ಲಗೆ ಕಲಕುವ ಹೊತ್ತು ಕಡಿಮೆಯಾಯಿತು, ಎಲ್ಲಕ್ಕಿಂತ ಮುಖ್ಯವಾಗಿ ಸೋಸುಕದ ವೇಗವನ್ನು ಏರಿಸಲು ಬಂತು.

ಸಿಲ್ಮಾರ್ ಎಂಬಲ್ಲಿ 1986ರಲ್ಲಿ ಕೆಲಸ ಆರಂಭಿಸಿದ ಆ ಘಟಕದ ಸಾಮರ್ಥ್ಯ ದಿನಕ್ಕೆ 60 ಕೋಟಿ ಅಮೆರಿಕನ್ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 227 ಕೋಟಿ ಲೀಟರ್. ಅಲ್ಲಿಯೂ ಕೂರುತೊಟ್ಟಿಗಳಿಲ್ಲ. ಓಝೋನ್, ನಂತರ ಗರಣೆಕಾರಿ, ನಂತರ ನೇರವಾಗಿ 1.8 ಮೀಟರ್ ದಪ್ಪದ ಆಂಥ್ರಸೈಟ್ ಕಲ್ಲಿದ್ದಲಿನ ಹಾಸು. ಆ ಹಾಸಿನ ಮೇಲೆ ನೀರು ಗಂಟೆಗೆ ಸುಮಾರು 33 ಮೀಟರ್ ವೇಗದಲ್ಲಿ ಇಳಿಯುವಂತೆ ವಿನ್ಯಾಸ ಮಾಡಿದರು. ನಮ್ಮ ದೇಶದ ವೇಗದ ಮರಳು ಸೋಸುಕಗಳಿಗೆ ರೂಢಿಯಲ್ಲಿರುವ ವೇಗ ಗಂಟೆಗೆ 5-6 ಮೀಟರ್. ವೇಗ ಹೆಚ್ಚಾದಷ್ಟೂ ಸೋಸುಕಗಳ ಸಂಖ್ಯೆ ಕಡಿಮೆ, ಕಟ್ಟಡದ ಖರ್ಚು ಕಡಿಮೆ. ಹಾಗೆ ಉಳಿಯುವ ಹಣವನ್ನು ಓಝೋನ್ ಯಂತ್ರದ ಬೆಲೆಯ ಎದುರಿಗಿಟ್ಟು ತೂಗಬಹುದು ಎಂಬುದನ್ನು ಆ ಘಟಕ ತೋರಿಸಿಕೊಟ್ಟಿತು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಓಝೋನ್ ಪಡೆದ ನೀರಿನಲ್ಲಿ ಮೂಡುವ ಗರಣೆ ಸಾಮಾನ್ಯವಾಗಿ ಸಣ್ಣದು, ಸೂಜಿಮೊನೆಯ ಗಾತ್ರದ್ದು. ತೊಟ್ಟಿಯಲ್ಲಿ ಕೂರುವುದಕ್ಕಿಂತ ಸೋಸುಕದ ಒಳಗೆ ಸಿಕ್ಕಿಕೊಳ್ಳುವುದಕ್ಕೆ ಅದು ಹೆಚ್ಚು ಯೋಗ್ಯ. ಹಾಗಾಗಿ ಜಾರ್ ಟೆಸ್ಟಿನಲ್ಲಿ ದಪ್ಪ ಅರಳು ಬರಲಿಲ್ಲವೆಂದು ಓಝೋನನ್ನು ತಳ್ಳಿಹಾಕುವುದೂ ತಪ್ಪು. ಬೀಕರಿನ ನೀರನ್ನು ಸೋಸುಕಾಗದದಲ್ಲಿ ಸೋಸಿ ಅದರ ಕಲಕು ಅಳೆದು ನೋಡಬೇಕು.

ಇಷ್ಟು ಕೇಳಿದ ಮೇಲೆ ಎಲ್ಲ ಕಡೆಯೂ ಓಝೋನ್ ಹಾಕಬಹುದಲ್ಲ ಎನ್ನಿಸುವುದು ಸಹಜ. ಈಗ ಇನ್ನೊಂದು ಮಗ್ಗುಲು ನೋಡೋಣ. ನೀರು ಮೃದುವಾಗಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ, ಓಝೋನ್ ಹುಟ್ಟಿಸಿದ ಆಮ್ಲ ಗುಂಪುಗಳಿಗೆ ಕೈ ಹಿಡಿಯುವವರು ಸಿಗುವುದಿಲ್ಲ. ಅವು ಬರಿಯ ಋಣವಾಗಿ ಉಳಿದು ಕಣಗಳ ತಳ್ಳಾಟವನ್ನು ಇನ್ನೂ ಹೆಚ್ಚಿಸುತ್ತವೆ. ಓಝೋನಿನ ಪ್ರಮಾಣ ಮಿತಿ ಮೀರಿದರೂ ಕೆಡುಕೇ. ದೊಡ್ಡ ಹ್ಯೂಮಿಕ್ ಅಣು ಆಲಮ್ಮಿಗೆ ಅಂಟಿ ಗರಣೆಯೊಂದಿಗೆ ಹೊರಹೋಗುತ್ತದೆ. ಅದನ್ನೇ ಆಕ್ಸಾಲಿಕ್ ಆಮ್ಲದಂಥ ಚೂರುಗಳಾಗಿ ಒಡೆದರೆ, ಆ ಚೂರುಗಳು ಅಲ್ಯೂಮಿನಿಯಮ್ಮನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಗರಣೆಯಾಗಬೇಕಾದ ಅಲ್ಯೂಮಿನಿಯಂ ಗರಣೆಯಾಗುವುದಿಲ್ಲ, ಆಲಂ ಹೆಚ್ಚು ಸುರಿಯಬೇಕಾಗುತ್ತದೆ. ಸಿಂಗರ್ ಅವರ ಲೇಖನ ಬಂದ ಕಾಲದಲ್ಲೇ ಅಮೆರಿಕದ ಎಡ್ವರ್ಡ್ಸ್ ಮತ್ತು ಬೆಂಜಮಿನ್ ನಡೆಸಿದ ಪ್ರಯೋಗಗಳೂ ಆಮೇಲೆ ಟೋಬಿಯಾಸನ್ ಮತ್ತು ಸಂಗಡಿಗರ ಕೆಲಸವೂ ಈ ಎಚ್ಚರಿಕೆಯನ್ನು ಕೊಟ್ಟವು: ಸಾವಯವ ಇಂಗಾಲ ಹೆಚ್ಚಿರುವ ನೀರಿನಲ್ಲಿ ಓಝೋನಿನಿಂದ ಆಲಂ ಉಳಿತಾಯವಾಗುತ್ತದೆ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ, ಖರ್ಚು ಏರಲೂಬಹುದು.

ಪಾಚಿಯ ವಿಷಯದಲ್ಲೂ ಮಿತಿಯೇ ಮುಖ್ಯ. ಕೆಲವು ಪಾಚಿಗಳು ತಮ್ಮ ಬಾಲದಂಥ ಎಳೆಯಿಂದ ಈಜಿ ಗರಣೆಯಿಂದ ತಪ್ಪಿಸಿಕೊಂಡು ಹೋಗುತ್ತವೆ. ಅಲ್ಪ ಓಝೋನ್ ಅವುಗಳ ಈಜು ನಿಲ್ಲಿಸುತ್ತದೆ, ಮೈಮೇಲಿನ ಲೋಳೆಯನ್ನು ಸಡಿಲಿಸುತ್ತದೆ, ಅವು ಗರಣೆಗೆ ಸಿಕ್ಕುತ್ತವೆ. ಅದೇ ಓಝೋನ್ ಹೆಚ್ಚಾದರೆ ಕೋಶವೇ ಒಡೆಯುತ್ತದೆ. ಕೊಳಚೆ ಸೇರಿದ ಕೆರೆಗಳ ಮೇಲೆ ಹಸಿರು ಬಣ್ಣ ಬಳಿದಂತೆ ಹರಡುವ ಮೈಕ್ರೊಸಿಸ್ಟಿಸ್ ಒಡೆದರೆ ಅದರೊಳಗಿನ ವಿಷ ನೀರಿಗೆ ಇಳಿಯುತ್ತದೆ. ಇಡಿಯಾಗಿ ಹಿಡಿದು ಹೊರಹಾಕಬಹುದಾಗಿದ್ದ ಕೋಶವನ್ನು ಒಡೆದು, ಅದರ ವಿಷವನ್ನು ನಾವೇ ಕರಗಿಸಿಕೊಂಡಂತಾಗುತ್ತದೆ.

ಕಣಗಳು ಕೂಡುವುದರ ಮೇಲೆ ಇಷ್ಟೊಂದು ಒತ್ತು ಏಕೆ ಎಂದು ಕೇಳುವವರಿಗೆ ಮಿಲ್ವಾಕಿ ನಗರದ ಕಥೆ ಹೇಳಬೇಕು. 1993ರ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಮಿಷಿಗನ್ ಸರೋವರದ ದಂಡೆಯ ಆ ಊರಿನಲ್ಲಿ ಸುಮಾರು ನಾಲ್ಕು ಲಕ್ಷ ಜನ ಭೇದಿಯಿಂದ ಮಲಗಿದರು. ಕಾರಣ ಕ್ರಿಪ್ಟೊಸ್ಪೊರಿಡಿಯಂ ಎಂಬ ಜೀವಿ. ಅದರ ಗಟ್ಟಿ ಚಿಪ್ಪಿನ ಕೋಶ 4ರಿಂದ 6 ಮೈಕ್ರಾನಿನದು. ನಾವು ನೀರಿಗೆ ಹಾಕುವ ಕ್ಲೋರಿನ್ ಅದನ್ನು ಏನೂ ಮಾಡುವುದಿಲ್ಲ. ಅದನ್ನು ತಡೆಯಬೇಕಾದದ್ದು ಗರಣೆ ಮತ್ತು ಸೋಸುಕ. ಕೆಲವು ತಿಂಗಳ ಹಿಂದಷ್ಟೇ ಆ ಊರಿನ ನೀರಿನ ಘಟಕದಲ್ಲಿ ಆಲಂ ಬಿಟ್ಟು ಪಾಲಿ ಅಲ್ಯೂಮಿನಿಯಂ ಕ್ಲೋರೈಡಿಗೆ ಬದಲಾಗಿದ್ದರು. ಸರೋವರದ ನೀರು ಏಕಾಏಕಿ ಕೆಟ್ಟಾಗ ಹೊಸ ರಾಸಾಯನಿಕದ ಪ್ರಮಾಣವನ್ನು ಅದಕ್ಕೆ ಹೊಂದಿಸಿಕೊಳ್ಳಲು ಆಗಲಿಲ್ಲ. ಸೋಸಿದ ನೀರಿನ ಕಲಕು, ಅದನ್ನು ಅಳೆಯುವ ಎನ್‌ಟಿಯು ಮಾನದಲ್ಲಿ, 1.7ರವರೆಗೆ ಏರಿತು. ನಮ್ಮ ಭಾರತೀಯ ಮಾನಕ ಒಪ್ಪುವ ಮಟ್ಟ 1, ಬೇರೆ ಮೂಲವಿಲ್ಲದಾಗ ಸಹಿಸಿಕೊಳ್ಳುವ ಮಟ್ಟ 5. ಅಂದರೆ ಮಿಲ್ವಾಕಿಯ ಆ ನೀರನ್ನು ಲೋಟದಲ್ಲಿ ಹಿಡಿದು ನೋಡಿದ್ದರೆ ತಿಳಿಯಾಗಿದೆ ಎಂದೇ ಅನ್ನಿಸುತ್ತಿತ್ತು. ಮುಂದೆ 1998ರಲ್ಲಿ ಆ ನಗರ ಓಝೋನ್ ಅಳವಡಿಸಿತು, ಸೋಸುಕಗಳನ್ನೂ ಸುಧಾರಿಸಿತು. ಓಝೋನ್ ಆ ಚಿಪ್ಪನ್ನು ಭೇದಿಸಬಲ್ಲದು. ಆದರೂ ಗರಣೆ ಮತ್ತು ಸೋಸುಕದ ಜಾಗವನ್ನು ಅದು ತುಂಬಲಾರದು.

ಓಝೋನ್ ಕೊಟ್ಟ ಮೇಲೆ ನೋಡಿಕೊಳ್ಳಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ತುಂಡಾದ ಸಾವಯವ ಚೂರುಗಳು ಬ್ಯಾಕ್ಟೀರಿಯಾಗಳಿಗೆ ಸುಲಭದ ಆಹಾರ. ಅದನ್ನು ಸೋಸುಕದಲ್ಲೇ ಜೀವಾಣುಗಳಿಗೆ ತಿನ್ನಿಸಿ ಮುಗಿಸದಿದ್ದರೆ ಊರಿನ ಕೊಳವೆಗಳ ಒಳಗೆ ಲೋಳೆ ಬೆಳೆಯುತ್ತದೆ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಓಝೋನ್ ಅದನ್ನು ಬ್ರೋಮೇಟ್ ಮಾಡುತ್ತದೆ. ಕ್ಯಾನ್ಸರಿನ ಅನುಮಾನವಿರುವ ಆ ವಸ್ತುವಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಸಮುದ್ರದ ನೀರಿನಲ್ಲಿ ಬ್ರೋಮೈಡ್ ಧಾರಾಳವಾಗಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಉಪ್ಪುನೀರು ನದಿಯೊಳಗೆ ಏರಿ ಬರುವ ಕರಾವಳಿಯ ಊರುಗಳು ಈ ವಿಷಯದಲ್ಲಿ ಎರಡು ಪಟ್ಟು ಜಾಗರೂಕವಾಗಿರಬೇಕು. ಓಝೋನ್ ನೀರಿನಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಆಮ್ಲಜನಕವಾಗಿಬಿಡುತ್ತದೆ. ಕೊಳವೆಯುದ್ದಕ್ಕೂ ಕಾವಲಿಗೆ ಕೊನೆಯಲ್ಲಿ ಕ್ಲೋರಿನ್ ಬೇಕೇ ಬೇಕು. ಆದರೆ ಕಚ್ಚಾ ನೀರಿಗೆ ಮೊದಲೇ ಕ್ಲೋರಿನ್ ಸುರಿಯುವ ಹಳೆಯ ಪದ್ಧತಿಯನ್ನು ಬಿಡಲು ಓಝೋನ್ ಅವಕಾಶ ಕೊಡುತ್ತದೆ. ರಾಟರ್‌ಡ್ಯಾಮಿನ ಯೋಹಾನೆಸ್ ರೂಕ್ 1974ರಲ್ಲಿ ತೋರಿಸಿದಂತೆ, ಸಾವಯವ ಪದಾರ್ಥದೊಂದಿಗೆ ಕ್ಲೋರಿನ್ ಸೇರಿದರೆ ಕ್ಲೋರೋಫಾರ್ಮಿನಂಥ ವಸ್ತುಗಳು ಹುಟ್ಟುತ್ತವೆ. ಅದನ್ನು ತಪ್ಪಿಸುವುದು ಸಣ್ಣ ಲಾಭವಲ್ಲ.

ಖರ್ಚಿನ ಮಾತನ್ನೂ ಹೇಳಿಬಿಡುತ್ತೇನೆ. ದಿನಕ್ಕೆ ಒಂದು ಕೋಟಿ ಲೀಟರ್ ಬಳಸುವ ಪಟ್ಟಣಕ್ಕೆ ಲೀಟರಿಗೆ ಒಂದು ಮಿಲಿಗ್ರಾಂ ಓಝೋನ್ ಎಂದರೆ ದಿನಕ್ಕೆ 10 ಕಿಲೋ. ಆಮ್ಲಜನಕದಿಂದ ಒಂದು ಕಿಲೋ ಓಝೋನ್ ಮಾಡಲು ಯಂತ್ರಕ್ಕೆ ಸುಮಾರು 10 ಯೂನಿಟ್ ವಿದ್ಯುತ್ ಬೇಕು. ಹಾಗಾದರೆ ದಿನಕ್ಕೆ 100 ಯೂನಿಟ್ ಆಸುಪಾಸು. ಕಷ್ಟ ಇರುವುದು ವಿದ್ಯುತ್ತಿನಲ್ಲಿ ಅಲ್ಲ. ಯಂತ್ರದ ಬೆಲೆಯಲ್ಲಿ, ಬಿಡಿಭಾಗಗಳಲ್ಲಿ, ಅದನ್ನು ಬಲ್ಲ ಕೆಲಸಗಾರರಲ್ಲಿ ಇದೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿನ ಹತ್ತನೇ ಒಂದು ಭಾಗ ಮೀರಿದ ಓಝೋನನ್ನು ಕೆಲಸದ ಜಾಗದಲ್ಲಿ ಇಡೀ ದಿನ ಉಸಿರಾಡುವಂತಿಲ್ಲ. ಸೋರಿಕೆ ಹಿಡಿಯುವ ಉಪಕರಣವೂ ಮಿಕ್ಕ ಅನಿಲವನ್ನು ನಾಶ ಮಾಡುವ ವ್ಯವಸ್ಥೆಯೂ ಇಲ್ಲದ ಓಝೋನ್ ಘಟಕವನ್ನು ಯಾರೂ ಒಪ್ಪಿಕೊಳ್ಳಬಾರದು.

ನಮ್ಮ ನಾಡಿಗೆ ಇದನ್ನು ಅನ್ವಯಿಸಿ ನೋಡೋಣ. ಮಲೆನಾಡಿನ ಹೊಳೆಗಳ ನೀರು ಮೃದು, ಮಳೆಗಾಲದಲ್ಲಿ ಕಾಡಿನ ತರಗೆಲೆಯ ಸಾರ ಅದರಲ್ಲಿ ತುಂಬಿರುತ್ತದೆ. ಗಡಸುತನ ಕಡಿಮೆ, ಇಂಗಾಲ ಹೆಚ್ಚು, ಅಂದರೆ ಗರಣೆಗೆ ಓಝೋನಿನ ನೆರವು ಅನುಮಾನಾಸ್ಪದವಾಗುವ ನೀರು ಅದು. ಬಯಲುಸೀಮೆಯ ಕೊಳವೆಬಾವಿಗಳ ನೀರು ಗಡಸು ನಿಜ, ಆದರೆ ಅದರಲ್ಲಿ ಕೂಡಿಸಬೇಕಾದ ಕಣಗಳೇ ವಿರಳ. ಓಝೋನಿನ ಈ ಗುಣ ಉಪಯೋಗಕ್ಕೆ ಬರಬಹುದಾದದ್ದು ಇವೆರಡರ ನಡುವಿನ ನೀರಿಗೆ: ಸುಣ್ಣದ ಅಂಶ ಸಾಕಷ್ಟಿದ್ದು ಪಾಚಿಯಿಂದಲೂ ತೆಳು ಬಣ್ಣದಿಂದಲೂ ತೊಂದರೆ ಕೊಡುವ ಜಲಾಶಯ ಮತ್ತು ಕೆರೆಯ ನೀರಿಗೆ. ಅಲ್ಲಿ ಕೂಡ ಮಾರುವವರ ಪುಸ್ತಿಕೆ ನೋಡಿ ತೀರ್ಮಾನಿಸಬಾರದು.

ನಿಮ್ಮ ಪುರಸಭೆಯೋ ನಗರಸಭೆಯೋ ನೀರಿನ ಘಟಕಕ್ಕೆ ಓಝೋನ್ ತರುವ ಮಾತಾಡಿದರೆ ಸಭೆಗೆ ಹೋಗಿ ಮೂರು ಪ್ರಶ್ನೆ ಕೇಳಿ. ನಮ್ಮ ನೀರಿನ ಗಡಸುತನ ಎಷ್ಟು, ಸಾವಯವ ಇಂಗಾಲ ಎಷ್ಟು? ಮಳೆಗಾಲ, ಚಳಿಗಾಲ, ಬೇಸಿಗೆ ಮೂರರ ನೀರಿನಲ್ಲೂ ಓಝೋನ್ ಕೊಟ್ಟು ಮತ್ತು ಕೊಡದೆ ಜಾರ್ ಟೆಸ್ಟ್ ಮಾಡಿದ್ದೀರಾ, ಫಲಿತಾಂಶ ತೋರಿಸುತ್ತೀರಾ? ಓಝೋನ್ ಆದ ಮೇಲಿನ ಸೋಸುಕವನ್ನು ನೋಡಿಕೊಳ್ಳುವವರು ಯಾರು? ಮೂರಕ್ಕೂ ಲಿಖಿತ ಉತ್ತರ ಸಿಗುವವರೆಗೆ ಟೆಂಡರ್ ಕರೆಯಲು ಬಿಡಬೇಡಿ. ಈಗಿರುವ ಘಟಕದಲ್ಲಿ ಪ್ರತಿದಿನ ಜಾರ್ ಟೆಸ್ಟ್ ನಡೆಯುತ್ತಿದೆಯೇ ಎಂಬುದನ್ನೂ ಅದೇ ದಿನ ವಿಚಾರಿಸಿಕೊಂಡು ಬನ್ನಿ.